ಜಿಂಕೆಗೆ ಹಾಕಿದ ಏರಿ: ಬೇಲಿ ಹೋಯಿತು, ಮಣ್ಣು ಉಳಿಯಿತು

ಕಾಡಂಚಿನ ಊರಿನವರಿಗೆ ಆನೆ ಕಂದಕ ಹೇಗಿರುತ್ತದೆ ಅಂತ ನಾವು ಹೇಳಬೇಕಿಲ್ಲ. ಕಾಡಿನ ಕಡೆ ಕಂದಕ, ಅಗೆದ ಮಣ್ಣಿನ ರಾಶಿ ಸಾಮಾನ್ಯವಾಗಿ ಹೊಲದ ಕಡೆ. ಬೆಳೆ ಹಾನಿ ಸುದ್ದಿಗೆ ಹೋದಾಗ ನಾವು ರೈತರ ಜೊತೆ ನಿಂತು ಮಾತಾಡುವುದೇ ಆ ಮಣ್ಣಿನ ಮೇಲೆ. ಇಂಗ್ಲೆಂಡಿನಲ್ಲೂ ಇಂಥ ಕಂದಕಗಳಿವೆ. ಹಲವಕ್ಕೆ 700–800 ವರ್ಷ ವಯಸ್ಸು. ಆದರೆ ಅವನ್ನು ತೋಡಿಸಿದ್ದು ಬೆಳೆ ಕಾಯುವುದಕ್ಕಲ್ಲ, ದೊರೆಗಳ ಜಿಂಕೆ ಕಾಯುವುದಕ್ಕೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನೂ ಅವನ ನಂತರದ ರಾಜರೂ ದೊಡ್ಡ ದೊಡ್ಡ ಪ್ರದೇಶಗಳನ್ನು ತಮ್ಮ ಬೇಟೆಗೆ ಮೀಸಲಿಟ್ಟರು. ಅದರೊಳಗೆ ಊರುಗಳಿದ್ದವು, ಹೊಲಗಳೂ ಇದ್ದವು. ಜಿಂಕೆ ಬೆಳೆ ತಿಂದರೂ ರೈತ ಅದನ್ನು ಹೊಡೆಯುವಂತಿಲ್ಲ. ಸಾಕಿದ ನಾಯಿ ಜಿಂಕೆಯ ಬೆನ್ನಟ್ಟಬಾರದು ಅಂತ ಅದರ ಮುಂಗಾಲಿನ ಮೂರು ಉಗುರು ಕತ್ತರಿಸುತ್ತಿದ್ದರು. 1217ರಲ್ಲಿ ಹೊರಟ ‘ಅರಣ್ಯ ಸನ್ನದು’ ಇನ್ನು ಮುಂದೆ ಜಿಂಕೆ ಕೊಂದ ತಪ್ಪಿಗೆ ಯಾರೂ ಜೀವವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬಾರದು ಎಂದಿತು. ದಂಡ ಕಟ್ಟಬೇಕು, ಕಟ್ಟಲಾಗದಿದ್ದರೆ ಒಂದು ವರ್ಷ ಒಂದು ದಿನ ಜೈಲು. ಇದೇ ದೊಡ್ಡ ರಿಯಾಯಿತಿ ಅನಿಸಿದ್ದರೆ, ಅದಕ್ಕೂ ಹಿಂದಿನ ಕಾಲ ಹೇಗಿತ್ತು ಅಂತ ನೀವೇ ಯೋಚಿಸಿ.

ರಾಜನಿಗೆ ಕಾಡು, ಜಮೀನ್ದಾರರಿಗೂ ಮಠಾಧಿಪತಿಗಳಿಗೂ ಬೇಲಿ ಹಾಕಿದ ಜಿಂಕೆವನ. 1086ರ ಡೂಮ್ಸ್‌ಡೇ ಸರ್ವೆಯಲ್ಲಿ ಇಂಥ ವನಗಳು ಸುಮಾರು 35. 1300ರ ಹೊತ್ತಿಗೆ ಸುಮಾರು 3,200 ಇದ್ದವು ಅಂತ ಇತಿಹಾಸಕಾರ ಆಲಿವರ್ ರಾಕಮ್ ಅಂದಾಜು ಮಾಡಿದ್ದಾರೆ. ಜಿಂಕೆ ಮಾಂಸ ಸಂತೆಯಲ್ಲಿ ಮಾರುವ ಸರಕಾಗಿರಲಿಲ್ಲ. ಹಬ್ಬದೂಟಕ್ಕೆ, ಉಡುಗೊರೆಗೆ, ದೊಡ್ಡಸ್ತಿಕೆಗೆ ಬೇಕಿತ್ತು.

ಕಟ್ಟುತ್ತಿದ್ದುದು ಹೀಗೆ. ಒಳಗಡೆ ಕಂದಕ, ಅದರ ಮಣ್ಣಿನಿಂದ ಹೊರಗಡೆ ಏರಿ, ಏರಿಯ ಮೇಲೆ ಸೀಳಿದ ಓಕ್ ಮರದ ಬೇಲಿ. ಕಂದಕದಲ್ಲಿ ನಿಂತ ಜಿಂಕೆ ಇಷ್ಟನ್ನೂ ಒಂದೇ ನೆಗೆತಕ್ಕೆ ದಾಟಲಾರದು. ಕೆಲವು ಕಡೆ ಇನ್ನೊಂದು ಉಪಾಯವಿತ್ತು. ಒಂದು ಜಾಗದಲ್ಲಿ ಹೊರಗಿನಿಂದ ಸುಲಭವಾಗಿ ಹಾರುವ ಹಾಗೆ ಮಣ್ಣು ಏರಿಸುವುದು, ಒಳಗಡೆ ಆಳ ಬಿಡುವುದು. ಹೊರಗಿನ ಜಿಂಕೆ ಒಳಗೆ ಹಾರುತ್ತದೆ, ವಾಪಸ್ ಬರಲಾಗದು. ನಮ್ಮ ಮಲೆನಾಡಿನಲ್ಲಿ ಮೀನಿಗೆ ಇಡುವ ಕೂಣಿಯ ಲೆಕ್ಕವೇ. ಇದರಿಂದ ರಾಜನ ಜಿಂಕೆಗಳೂ ಖಾಲಿಯಾಗುತ್ತವಲ್ಲ? ಅದಕ್ಕೇ ರಾಜನ ಅನುಮತಿ ಬೇಕಿತ್ತು.

ಮೈಲಿಗಟ್ಟಲೆ ಬೇಲಿಗೆ ಖರ್ಚು ಬಹಳ. ಹಾಗಾಗಿ ಎಷ್ಟೋ ವನಗಳ ಮೂಲೆಗಳು ದುಂಡಗಿವೆ. ಅಷ್ಟೇ ಜಾಗಕ್ಕೆ ಬೇಲಿ ಕಡಿಮೆ ಸಾಕು. ದುರಸ್ತಿ ಮಾತ್ರ ಹಲವು ಕಡೆ ಒಕ್ಕಲುಗಳ ಬಿಟ್ಟಿ ಕೆಲಸ. ಯಾರ ಜಿಂಕೆಯನ್ನು ಮುಟ್ಟುವಂತಿಲ್ಲವೋ ಅವರ ಬೇಲಿಯನ್ನೇ ಅವರು ಕಟ್ಟಬೇಕಿತ್ತು.

1348ರಲ್ಲಿ ಪ್ಲೇಗ್ ಬಂತು. ಜನ ಸತ್ತರು, ಕೂಲಿ ಏರಿತು. ಮುಂದಿನ ಶತಮಾನಗಳಲ್ಲಿ ಎಷ್ಟೋ ವನಗಳು ಹೊಲವಾದವು. ಬೇಲಿ ಕೊಳೆತು ಹೋಯಿತು. ಏರಿ ಹಲವೆಡೆ ಹೊಲದ ಬದುವಾಗಿಯೋ ಊರಿನ ಗಡಿಯಾಗಿಯೋ ಬಳಕೆಗೆ ಬಂತು, ಆದ್ದರಿಂದ ಅದನ್ನು ಯಾರೂ ಉಳಲಿಲ್ಲ. ಈಗ ವಿಮಾನದಿಂದ ಲೇಸರ್ ಬಿಟ್ಟು ಅಳೆದಾಗ ಮರಗಳಡಿಯ ಏರಿಯೂ ಕಾಣುತ್ತದೆ. ಕಂದಕ ಯಾವ ಕಡೆಗಿದೆ ಅಂತ ನೋಡುವುದು ಮುಖ್ಯ ಗುರುತು. ಒಳಗಡೆ ಇದ್ದರೆ ಜಿಂಕೆವನ ಇದ್ದಿರಬಹುದು.

ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಪಾರ್ಕ್ ಕಥೆ ಬೇರೆ. ವಾರಿಕ್ ಅರ್ಲ್‌ಗಳ ಜಿಂಕೆವನವಾಗಿದ್ದ ಇದು 1528ರಲ್ಲಿ, ಆ ಊರಿನವರೇ ಆದ ಬಿಷಪ್ ಜಾನ್ ವೆಸಿ ಪ್ರಯತ್ನದಿಂದ, ಎಂಟನೇ ಹೆನ್ರಿಯ ಸನ್ನದಿನ ಮೂಲಕ ಊರಿನವರಿಗೆ ಬಂತು. ಸುಮಾರು 2,400 ಎಕರೆ. ಹಳೆಯ ಏರಿ, ಕಂದಕ ಅಲ್ಲಿ ಇನ್ನೂ ಇವೆ. ಒಂದು ಕಾಲಕ್ಕೆ ಕಾಲಿಟ್ಟರೆ ಶಿಕ್ಷೆಯಿದ್ದ ಜಾಗದಲ್ಲಿ ಈಗ ಜನ ವಾಕಿಂಗ್ ಹೋಗುತ್ತಾರೆ.

ನಿಮ್ಮೂರಲ್ಲೂ ಯಾರು ಹಾಕಿದ್ದೆಂದು ಗೊತ್ತಿಲ್ಲದ ಹಳೇ ಏರಿ, ಹಳೇ ಕಂದಕ ಇದ್ದರೆ, ಜೆಸಿಬಿ ತರಿಸುವ ಮೊದಲು ಹಿರಿಯರನ್ನು ಕೇಳಿ. ಒಂದು ಫೋಟೋ ತೆಗೆದಿಡಿ. ಅದು ಯಾರನ್ನು ಕಾಯಲು ಹಾಕಿದ್ದು, ಅಗೆದವರು ಯಾರು ಅಂತ ವಿಚಾರಿಸಿ. ನಾವೂ ಬಂದು ನೋಡುತ್ತೇವೆ.