ಗಾಜಿನ ದೀಪದ ಲೆಕ್ಕ ಕಲ್ಲಿನ ಮೇಲೆ

ರೋಮನ್ನರ ಮಣ್ಣಿನ ಹಣತೆಗಳನ್ನು ಮಗುಚಿ ನೋಡಿದರೆ ಎಷ್ಟೋ ಸಲ ತಳದಲ್ಲಿ ತಯಾರಕರ ಹೆಸರು ಸಿಗುತ್ತದೆ. ಉತ್ತರ ಇಟಲಿಯ ‘ಫೋರ್ಟಿಸ್’ ಮುದ್ರೆ ದೂರದೂರದ ಪ್ರಾಂತ್ಯಗಳಲ್ಲೂ ಸಿಕ್ಕಿದೆ. ಅದನ್ನು ನಕಲು ಹೊಡೆದವರೂ ಇದ್ದರು. ಆದರೆ 4ನೇ ಶತಮಾನದಿಂದ ಪೂರ್ವ ಮೆಡಿಟರೇನಿಯನ್ ಕಡೆ ಬಳಕೆ ಹೆಚ್ಚಿದ ಗಾಜಿನ ದೀಪಗಳಲ್ಲಿ ಸಾಮಾನ್ಯವಾಗಿ ಅಕ್ಷರವೇ ಇರುವುದಿಲ್ಲ. ಹಾಗಾದರೆ ಶಾಸನ ಓದುವವರಿಗೆ ಇಲ್ಲೇನು ಕೆಲಸ ಅಂತ ಕೇಳಬಹುದು. ಕೆಲಸ ಇದೆ.

ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಸರಕಿಗೂ ಕೂಲಿಗೂ ಗರಿಷ್ಠ ದರ ಕಟ್ಟಿ ಶಾಸನ ಹೊರಡಿಸಿದ. ಇಂದಿನ ಟರ್ಕಿಯ ಅಫ್ರೊಡಿಸಿಯಸ್‌ನಲ್ಲಿ ಸಿಕ್ಕ ಅದರ ತುಣುಕುಗಳಲ್ಲಿ ಗಾಜಿನ ದರವೂ ಇದೆ. ಲೆಕ್ಕ ತೂಕದ ಮೇಲೆ: ಒಂದು ರೋಮನ್ ಪೌಂಡ್, ಅಂದರೆ ಸುಮಾರು 325 ಗ್ರಾಂ. ಅಲೆಕ್ಸಾಂಡ್ರಿಯದ ಗಾಜಿಗೆ 24 ಡೆನಾರಿಯಸ್, ಹಸಿರು ಛಾಯೆಯ ಜುದೇಯದ ಗಾಜಿಗೆ 13. ಅವುಗಳಿಂದ ಮಾಡಿದ ಸಾದಾ ಲೋಟ, ಪಾತ್ರೆಗಳಿಗೆ ಕ್ರಮವಾಗಿ 30 ಮತ್ತು 20.

ಪಟ್ಟಿಯಲ್ಲಿ ದೀಪಕ್ಕೆ ಬೇರೆ ಸಾಲಿಲ್ಲ. ಆದರೆ ಆ ಕಾಲದ ಗಾಜಿನ ದೀಪ ಅನ್ನೋದು ಬಹುಮಟ್ಟಿಗೆ ಕೆಳಗೆ ಚೂಪಾದ ಒಂದು ಲೋಟ. ಅಡಿಯಲ್ಲಿ ನೀರು, ಮೇಲೆ ತೇಲುವ ಎಣ್ಣೆ, ಅದರಲ್ಲಿ ಬತ್ತಿ. ಅದು 100 ಗ್ರಾಂ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಜುದೇಯದ ಗಾಜಾದರೆ ಬೆಲೆ ಸುಮಾರು 6 ಡೆನಾರಿಯಸ್. ಅದೇ ಶಾಸನದಲ್ಲಿ ಹೊಲದ ಕೂಲಿಯವನಿಗೆ ದಿನಕ್ಕೆ ಊಟದ ಜೊತೆ 25. ಅಂದರೆ ದೀಪಕ್ಕೆ ಕಾಲು ದಿನದ ಕೂಲಿ ಸಾಕು.

ಈಗ ಎಣ್ಣೆ ನೋಡಿ. ಸಾಧಾರಣ ದರ್ಜೆಯ ಆಲಿವ್ ಎಣ್ಣೆ ಅರ್ಧ ಲೀಟರಿಗಿಂತ ತುಸು ಹೆಚ್ಚಿಗೆ 12 ಡೆನಾರಿಯಸ್. ಅಷ್ಟಕ್ಕೆ ಎರಡು ದೀಪವೇ ಬರುತ್ತಿತ್ತು! ಇವು ಸರ್ಕಾರ ಕಟ್ಟಿದ ಮಿತಿ, ಸಂತೆಯ ಬೆಲೆಯಲ್ಲ, ನಿಜ. ಆದರೂ ಎಣ್ಣೆ ಎದುರು ದೀಪ ಎಷ್ಟು ಅಗ್ಗ ಅನ್ನೋದು ತಿಳಿಯುತ್ತದೆ. ಖರ್ಚು ಇದ್ದದ್ದು ದೀಪ ಕೊಳ್ಳುವುದರಲ್ಲಲ್ಲ, ಉರಿಸುವುದರಲ್ಲಿ.

ಗಾಜಿನ ಲಾಭ ಇಲ್ಲೇ ಇರೋದು. ದೀಪದ ಬುಡದಲ್ಲಿ ಕತ್ತಲೆ ಅಂತೀವಲ್ಲ, ಮಣ್ಣಿನ ಹಣತೆಗೆ ಅದು ಅಕ್ಷರಶಃ ಸತ್ಯ. ಗಾಜಿನ ದೀಪದಲ್ಲಿ ಬೆಳಕು ನೀರು, ಗಾಜು ಎರಡನ್ನೂ ದಾಟಿ ಕೆಳಕ್ಕೂ ಬೀಳುತ್ತದೆ. ಎತ್ತರದಲ್ಲಿ ತೂಗುಹಾಕಿದರೆ ಸುಟ್ಟ ಎಣ್ಣೆಯ ಬೆಳಕು ನೆಲದವರೆಗೂ ಬರುತ್ತದೆ.

ಹೀಗೆ ತೂಗುಹಾಕಲು ತೂತು ಕೊರೆದ ಲೋಹದ ತಟ್ಟೆಗಳು ಬಂದವು. ಟರ್ಕಿಯ ಕುಮ್ಲುಜಾ ಬಳಿ ಸಿಕ್ಕ 6ನೇ ಶತಮಾನದ ಬೆಳ್ಳಿಯ ದೀಪತಟ್ಟೆಗಳ ಮೇಲೆ ಬಿಷಪ್ ಯುಟಿಕಿಯಾನೋಸ್ ಹೆಸರಿದೆ. ಬೆಳ್ಳಿ ಕೊಟ್ಟವನ ಹೆಸರು ಉಳಿಯಿತು. ಗಾಜು ಊದಿದವನ ಹೆಸರು ಎಲ್ಲೂ ಇಲ್ಲ. ಅವನ ದುಡಿಮೆಯ ಲೆಕ್ಕ ಸಿಗುವುದು ಕಲ್ಲಿನ ಮೇಲಿನ ಆ ದರಪಟ್ಟಿಯಲ್ಲಿ: ಜುದೇಯದ ಹಸಿಗಾಜಿಗೆ 13, ಪಾತ್ರೆಯಾದ ಮೇಲೆ 20. ನಡುವಿನ 7ರಲ್ಲೇ ಅವನ ಕುಲುಮೆಯ ಸೌದೆ, ಅವನ ಉಸಿರು ಎರಡೂ ಸೇರಿವೆ.