ಕೊಟ್ಟಿಗೆಯಿಂದ ತೊಟ್ಟಿಲಿಗೆ

1887ರಲ್ಲಿ ಫ್ರಾನ್ಸಿನ ಎಡ್ಮಂಡ್ ನೊಕಾರ್ ಮತ್ತು ಮೊಲ್ಲರೋ ಕೆಚ್ಚಲು ಬಾವು ಬಂದ ಹಸುಗಳ ಹಾಲಿನಲ್ಲಿ ಸರಪಳಿಗಟ್ಟಿದ ದುಂಡು ಜೀವಾಣುಗಳನ್ನು ಕಂಡರು. ಹಾಲು ಕೆಡುತ್ತಿತ್ತು, ಕೆಚ್ಚಲು ಗಟ್ಟಿಯಾಗುತ್ತಿತ್ತು, ರೈತನಿಗೆ ನಷ್ಟವಾಗುತ್ತಿತ್ತು. ಅದು ಕೊಟ್ಟಿಗೆಯ ಕಾಯಿಲೆ, ಪಶುವೈದ್ಯರ ಪಾಡು. ಆ ಜೀವಾಣುವಿಗೆ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಎಂಬ ಹೆಸರು ಬಿತ್ತು. ಸುಮಾರು ತೊಂಬತ್ತು ವರ್ಷಗಳಾದ ಮೇಲೆ ಅಮೆರಿಕದ ಹಸುಗೂಸುಗಳ ನಂಜಿಗೆ ಇದೇ ಮುಖ್ಯ ಕಾರಣವಾಗಿ ನಿಂತಿತು.

ಹೆರಿಗೆ ವಾರ್ಡುಗಳಿಗೆ ಅಷ್ಟರಲ್ಲಾಗಲೇ ತಮ್ಮದೇ ಒಬ್ಬ ಶತ್ರು ಇದ್ದ. ಬಾಣಂತಿಯರನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ಜ್ವರದ ಬಗ್ಗೆ 1879ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯಲ್ಲಿ ಚರ್ಚೆ ನಡೆದಾಗ, ಲೂಯಿ ಪಾಶ್ಚರ್ ಕಪ್ಪು ಹಲಗೆಯ ಮೇಲೆ ಮಣಿಸರದಂಥ ಚಿತ್ರ ಬರೆದು ಕಾರಣ ಇದೇ ಎಂದು ತೋರಿಸಿದ. ಆದರೆ ಸರಗಟ್ಟುವ ಜೀವಾಣುಗಳೆಲ್ಲ ಒಂದೇ ಅಲ್ಲ. ನೋಟಕ್ಕೆ ಒಂದೇ ಥರ ಇರುವ ಇವುಗಳನ್ನು ಬೇರೆಬೇರೆ ಮಾಡುವುದು ಹೇಗೆಂಬುದಕ್ಕೆ ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಆ ಉತ್ತರ ಕೊಟ್ಟವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್. ಜೀವಾಣುಗಳನ್ನು ಬಿಸಿ ಆಮ್ಲದಲ್ಲಿ ಅದ್ದಿ ಅವುಗಳ ಗೋಡೆಯ ಸಕ್ಕರೆ ಪದಾರ್ಥವನ್ನು ಹೊರತೆಗೆಯುವುದು, ಅದಕ್ಕೆ ಮೊಲದ ರಕ್ತದಿಂದ ತಯಾರಿಸಿದ ಸೀರಮ್ ಸೇರಿಸಿ ಯಾವುದು ಯಾವುದರ ಜತೆ ಗಡ್ಡೆಕಟ್ಟುತ್ತದೆ ಎಂದು ನೋಡುವುದು: ಇಷ್ಟೇ ಅವರ ವಿಧಾನ. ಬೇಸರ ಹುಟ್ಟಿಸುವಷ್ಟು ತಾಳ್ಮೆಯ ಕೆಲಸ. 1933ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಮನುಷ್ಯರ ಕಾಯಿಲೆಯವು ಎ ಗುಂಪಿಗೆ ಹೋದವು, ಹಸುವಿನ ಕೆಚ್ಚಲಿನವು ಬಿ ಗುಂಪಿಗೆ, ಚೀಸ್‌ನಲ್ಲಿ ಸಿಕ್ಕವು ಡಿ ಗುಂಪಿಗೆ. ಎರಡೇ ವರ್ಷದಲ್ಲಿ ಈ ಅಚ್ಚುಕಟ್ಟು ಸ್ವಲ್ಪ ಕದಡಿತು. ಅವರು ಸಹ-ಸಂಶೋಧಕ ರೊನಾಲ್ಡ್ ಹೇರ್ ಜತೆ ಹೆರಿಗೆಯಾದ ಹೆಂಗಸರನ್ನು ಪರೀಕ್ಷಿಸಿದಾಗ, ಯಾವ ತೊಂದರೆಯೂ ಇಲ್ಲದವರ ಜನನಾಂಗದಲ್ಲಿ ಹಸುವಿನ ಬಿ ಗುಂಪು ಆರಾಮಾಗಿ ಕುಳಿತಿತ್ತು. 1938ರಲ್ಲಿ ಇಂಗ್ಲೆಂಡಿನ ಆರ್. ಎಂ. ಫ್ರೈ ಇದೇ ಗುಂಪಿನಿಂದ ಮೂವರು ಬಾಣಂತಿಯರು ಸತ್ತದ್ದನ್ನು ವರದಿ ಮಾಡಿದರು. ಮಗುವಿನ ಮಾತು ಆಗ ಯಾರ ಬಾಯಲ್ಲೂ ಬರಲಿಲ್ಲ.

1960ರ ದಶಕದ ಮೊದಲ ವರ್ಷಗಳಲ್ಲಿ ಬಾಸ್ಟನ್ನಿನಂಥ ಕಡೆಗಳಿಂದ ಎಳೆಗೂಸುಗಳ ಪ್ರಕರಣಗಳು ವರದಿಯಾದವು. 1970ರ ದಶಕದಲ್ಲಿ ಅವು ಪ್ರವಾಹವಾದವು. ಆರೋಗ್ಯವಾಗಿ ಹುಟ್ಟಿದ ಮಗು ಕೆಲವೇ ಗಂಟೆಗಳಲ್ಲಿ ನರಳುತ್ತಿತ್ತು, ಮೊಲೆ ಬಾಯಿಗಿಟ್ಟರೂ ಚೀಪುತ್ತಿರಲಿಲ್ಲ, ಮೈ ತಣ್ಣಗಾಗುತ್ತಿತ್ತು. ಎಕ್ಸ್‌ರೇ ತೆಗೆದರೆ ತಿಂಗಳು ತುಂಬದ ಮಗುವಿನ ಬಲಿಯದ ಶ್ವಾಸಕೋಶದ ಥರವೇ ಕಾಣುತ್ತಿದ್ದುದರಿಂದ ವೈದ್ಯರೂ ಮೋಸಹೋಗುತ್ತಿದ್ದರು. ಕೆಲವು ಆಸ್ಪತ್ರೆಗಳಲ್ಲಿ ಸೋಂಕು ತಗುಲಿದ ಅರ್ಧದಷ್ಟು ಮಕ್ಕಳು ಉಳಿಯಲಿಲ್ಲ. ಪ್ರಯೋಗಾಲಯಗಳು ಈ ಜೀವಾಣುವನ್ನು ಗುರುತಿಸಲು ಬಳಸಿದ ಕ್ಯಾಂಪ್ ಪರೀಕ್ಷೆಯೂ ಕೊಟ್ಟಿಗೆಯದೇ ಕೊಡುಗೆ. 1944ರಲ್ಲಿ ಆಸ್ಟ್ರೇಲಿಯಾದ ಕ್ರಿಸ್ಟಿ, ಆಟ್ಕಿನ್ಸ್, ಮುಂಕ್-ಪೀಟರ್ಸನ್ ಅದನ್ನು ಕೆಚ್ಚಲು ಬಾವಿನ ಜೀವಾಣುಗಳ ಅಧ್ಯಯನದಲ್ಲಿ ಕಂಡುಕೊಂಡಿದ್ದರು.

ಹಾಗಾದರೆ ಹಸುವಿನಿಂದಲೇ ಮಗುವಿಗೆ ಬಂತೇ? ಅಷ್ಟು ಸರಳವಲ್ಲ. ಮನುಷ್ಯರಲ್ಲಿ ಹರಡಿರುವ ತಳಿಗಳು ಬಹುಮಟ್ಟಿಗೆ ಬೇರೆ. 2014ರಲ್ಲಿ ಪಾಶ್ಚರ್ ಸಂಸ್ಥೆಯ ಸಂಶೋಧಕರ ತಂಡ ಇನ್ನೂರಕ್ಕೂ ಹೆಚ್ಚು ಮಾದರಿಗಳ ವಂಶವಾಹಿಗಳನ್ನು ಓದಿ ಇನ್ನೊಂದು ಕಥೆ ಹೇಳಿತು: 1948ರಿಂದ ಯಥೇಚ್ಛವಾಗಿ ಬಳಸಿದ ಟೆಟ್ರಾಸೈಕ್ಲಿನ್‌ಗೆ ಬಗ್ಗದ ಕೆಲವೇ ತಳಿಗಳು ಉಳಿದು, ಮಿಕ್ಕವನ್ನು ಹಿಂದೆ ಹಾಕಿ ಬೆಳೆದವು. ಜೀವ ಉಳಿಸಲು ಬಂದ ಔಷಧವೇ ಹೊಸ ಪಿಡುಗಿಗೆ ದಾರಿ ಬಿಟ್ಟುಕೊಟ್ಟಿತೆಂಬ ಈ ವಾದ ಅಹಿತಕರ. ಆದರೆ ರೋಗ ಕಾಣಿಸಿಕೊಂಡ ಕಾಲಕ್ಕೆ ಚೆನ್ನಾಗಿ ಹೊಂದುತ್ತದೆ.

ಹ್ಯೂಸ್ಟನ್ನಿನ ಮಕ್ಕಳ ವೈದ್ಯೆ ಕ್ಯಾರಲ್ ಬೇಕರ್ ಮಗುವನ್ನು ಬಿಟ್ಟು ತಾಯಿಯ ಕಡೆ ತಿರುಗಿ ನೋಡಿದರು. 1976ರಲ್ಲಿ ಅವರು ಮತ್ತು ಡೆನಿಸ್ ಕ್ಯಾಸ್ಪರ್ ತೋರಿಸಿದ್ದು ಇದು: ಕಾಯಿಲೆ ಬಿದ್ದ ಮಕ್ಕಳ ತಾಯಂದಿರ ರಕ್ತದಲ್ಲಿ ಜೀವಾಣುವಿನ ಸಕ್ಕರೆ ಕವಚವನ್ನು ಎದುರಿಸುವ ಪ್ರತಿಕಾಯಗಳು ಕಡಿಮೆ. ಜೀವಾಣುವನ್ನು ಹೊತ್ತ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟಕ್ಕೆ ಅದು ದಾಟಿದರೂ, ನೂರಕ್ಕೆ ಒಂದೆರಡು ಮಾತ್ರ ಕಾಯಿಲೆ ಬೀಳುವುದರ ಗುಟ್ಟಿನಲ್ಲಿ ಇದೂ ಒಂದು.

ಬಸುರಿಗೆ ಮೊದಲೇ ಮಾತ್ರೆ ನುಂಗಿಸಿದರೆ ಪ್ರಯೋಜನವಾಗಲಿಲ್ಲ. ಹೆರಿಗೆಯ ಹೊತ್ತಿಗೆ ಜೀವಾಣು ಮರಳಿ ಬಂದಿರುತ್ತಿತ್ತು. ಷಿಕಾಗೋದ ಕೆನೆತ್ ಬೋಯರ್ ಮತ್ತು ಸ್ಯಾಮ್ಯುಯೆಲ್ ಗೊಟಾಫ್ ಹೊತ್ತನ್ನೇ ಬದಲಿಸಿದರು. ಅಪಾಯ ಹೆಚ್ಚಿದ್ದ ಗರ್ಭಿಣಿಯರಿಗೆ ಹೆರಿಗೆ ನೋವು ಶುರುವಾದ ಮೇಲೆ ರಕ್ತನಾಳಕ್ಕೆ ಆಂಪಿಸಿಲಿನ್ ಕೊಟ್ಟರು. 1986ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಔಷಧ ಪಡೆದ ತಾಯಂದಿರ 85 ಮಕ್ಕಳಲ್ಲಿ ಒಂದಕ್ಕೂ ರಕ್ತದ ಸೋಂಕು ಬರಲಿಲ್ಲ. ಪಡೆಯದವರ 79 ಮಕ್ಕಳಲ್ಲಿ ಐದಕ್ಕೆ ಬಂತು. ಇಷ್ಟು ಸ್ಪಷ್ಟ ಫಲಿತಾಂಶ ಕೈಯಲ್ಲಿದ್ದೂ ಅಮೆರಿಕದ ರಾಷ್ಟ್ರೀಯ ಮಾರ್ಗಸೂಚಿ ಹೊರಬರಲು 1996ರವರೆಗೆ ಕಾಯಬೇಕಾಯಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರ ಸಂಘಗಳು ಒತ್ತಾಯ ಹೇರದಿದ್ದರೆ ಇನ್ನೂ ತಡವಾಗುತ್ತಿತ್ತೇನೋ. 2002ರಲ್ಲಿ ಎಲ್ಲ ಗರ್ಭಿಣಿಯರಿಗೂ 35ರಿಂದ 37ನೇ ವಾರದಲ್ಲಿ ಸ್ವ್ಯಾಬ್ ಪರೀಕ್ಷೆ ಶಿಫಾರಸಾಯಿತು. 1990ರ ದಶಕದ ಆರಂಭದಲ್ಲಿ ಸಾವಿರ ಹೆರಿಗೆಗೆ ಸುಮಾರು 1.7ರಷ್ಟಿದ್ದ ಮೊದಲ ವಾರದ ಸೋಂಕು ಕ್ರಮೇಣ 0.3ರ ಸುತ್ತಮುತ್ತ ಇಳಿಯಿತು. ಬ್ರಿಟನ್ ಈ ದಾರಿ ಹಿಡಿಯಲಿಲ್ಲ. ಅಪಾಯದ ಲಕ್ಷಣ ಕಂಡವರಿಗೆ ಮಾತ್ರ ಔಷಧ ಎಂದಿತು.

ಭಾರತದ ಚಿತ್ರವೇ ಬೇರೆ. ದೆಹಲಿಯ ಮೂರು ಆಸ್ಪತ್ರೆಗಳ ಅಧ್ಯಯನ 2016ರಲ್ಲಿ ಪ್ರಕಟವಾದಾಗ ಹಸುಗೂಸುಗಳ ನಂಜಿನ ಪಟ್ಟಿಯ ಮೇಲ್ಗಡೆ ಇದ್ದದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲಿ. ಇಲ್ಲಿ ಮೊದಲ ಯುದ್ಧ ಬೇರೆ ಜೀವಾಣುಗಳ ಜತೆ.

ಹೆರಿಗೆ ಹೊತ್ತಿನ ಚುಚ್ಚುಮದ್ದಿಗೆ ಒಂದು ಮಿತಿಯಿದೆ. ಒಂದು ವಾರದಿಂದ ಮೂರು ತಿಂಗಳ ನಡುವೆ ಬಂದು, ಹಲವು ಸಲ ಮಿದುಳು ಪೊರೆಗೆ ಇಳಿಯುವ ತಡವಾದ ಸೋಂಕನ್ನು ಅದು ತಡೆಯುವುದಿಲ್ಲ. ಅದಕ್ಕಾಗಿಯೇ ಗರ್ಭಿಣಿಯರಿಗೆ ಲಸಿಕೆ ಕೊಡುವ ಯತ್ನ. ದಕ್ಷಿಣ ಆಫ್ರಿಕಾದಲ್ಲಿ ಪ್ರಯೋಗಕ್ಕೊಳಪಟ್ಟು 2023ರಲ್ಲಿ ಫಲಿತಾಂಶ ಪ್ರಕಟವಾದ ಲಸಿಕೆ ಆರು ಬಗೆಯ ಕವಚಗಳ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತದೆ. ಅವುಗಳಲ್ಲಿ ಮೊದಲ ನಾಲ್ಕನ್ನು ಲ್ಯಾನ್ಸ್‌ಫೀಲ್ಡ್ 1930ರ ದಶಕದಲ್ಲೇ ಗುರುತಿಸಿ ವಿಂಗಡಿಸಿದ್ದರು. ಎಂಬತ್ತು ತುಂಬುವ ಹೊತ್ತಿನಲ್ಲೂ, 1975ರಲ್ಲಿ, ಅವರು ಬಿ ಗುಂಪಿನ ವಿರುದ್ಧ ಇಲಿಗಳನ್ನು ಕಾಯುವ ಪ್ರತಿಕಾಯಗಳ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸುತ್ತಿದ್ದರು.