ವಿಮಾನದೊಳಗಿನ ಗಾಳಿ: ಫಿಲ್ಟರಿನಿಂದಾಚೆಗಿನ ಪ್ರಶ್ನೆಗಳು

ಕೋವಿಡ್ ನಂತರ ವಿಮಾನದ ಗಾಳಿಯ ಕುರಿತ ಚರ್ಚೆಯೆಲ್ಲ ಹೆಪಾ ಫಿಲ್ಟರಿಗೆ ಬಂದು ನಿಂತಿದೆ. 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುವ ಈ ಫಿಲ್ಟರ್ ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದು ಅನಿಲಗಳನ್ನು ತಡೆಯದು. ಗಾಳಿಯ ಹರಿವು ನಿಂತರೆ ಅದರ ಕೆಲಸವೂ ನಿಂತಂತೆಯೇ.

1940ರಲ್ಲಿ ಬೋಯಿಂಗ್ 307 ಒತ್ತಡ ತುಂಬಿದ ಕ್ಯಾಬಿನ್ನನ್ನು ಪ್ರಯಾಣಿಕರಿಗೆ ಪರಿಚಯಿಸಿತು. ಮುಂದೆ ಬೋಯಿಂಗ್ 707ರಂಥ ಜೆಟ್‌ಗಳಲ್ಲಿ ಕ್ಯಾಬಿನ್ನಿಗೆಂದೇ ಪ್ರತ್ಯೇಕ ಟರ್ಬೊಕಂಪ್ರೆಸರುಗಳಿದ್ದವು. ತೂಕ, ಖರ್ಚು ಉಳಿಸಲು ಅವನ್ನು ಕೈಬಿಟ್ಟು, ಎಂಜಿನ್ನಿನ ಕಂಪ್ರೆಸರಿನಿಂದಲೇ ಗಾಳಿ ಎಳೆದುಕೊಳ್ಳುವ 'ಬ್ಲೀಡ್ ಏರ್' ಪದ್ಧತಿ ಬೇರೂರಿತು. ಎಪ್ಪತ್ತರ ದಶಕದಲ್ಲಿ ಇಂಧನ ದುಬಾರಿಯಾದ ಮೇಲೆ ಬಂದ ವಿಮಾನಗಳಲ್ಲಿ ಸುಮಾರು ಅರ್ಧದಷ್ಟು ಗಾಳಿ ಮರುಬಳಕೆಯದು.

1977ರಲ್ಲಿ ಅಲಾಸ್ಕಾದಲ್ಲಿ ಎಂಜಿನ್ ಕೆಟ್ಟ ವಿಮಾನವೊಂದು 54 ಜನರೊಂದಿಗೆ ಮೂರು ಗಂಟೆ ನೆಲದ ಮೇಲೇ ನಿಂತಿತು. ವಾತಾಯನ ಬಂದ್ ಆಗಿತ್ತು. ಒಳಗೊಬ್ಬರಿಗೆ ಇನ್‌ಫ್ಲುಯೆಂಜಾ ಇತ್ತು. ಮೂರು ದಿನದೊಳಗೆ ಶೇ. 72ರಷ್ಟು ಪ್ರಯಾಣಿಕರು ಕಾಯಿಲೆ ಬಿದ್ದರು. ಹಾರುವಾಗ ಗಂಟೆಗೆ ಇಪ್ಪತ್ತು ಸಲಕ್ಕೂ ಹೆಚ್ಚು ಬದಲಾಗುವ ಗಾಳಿ ನೆಲದ ಮೇಲೆ ಹೀಗೆ ನಿಂತುಹೋಗಬಲ್ಲದು ಎಂಬ ಈ ಪಾಠಕ್ಕೆ ಸಿಗಬೇಕಾದ ಗಮನ ಸಿಗಲೇ ಇಲ್ಲ. ಧೂಮಪಾನದ ವಿಷಯದಲ್ಲಿ ಮಾತ್ರ ಸಂಶೋಧನೆ ಗೆದ್ದಿತು: 1986ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ ಬಂತು, 1988ರಿಂದ ಹಂತಹಂತವಾಗಿ ನಿಷೇಧ ಜಾರಿಯಾಯಿತು.

ನಮ್ಮ ತಲೆಮಾರಿನ ಎಂಜಿನಿಯರುಗಳನ್ನು ಕಾಡಿದ್ದು ಬ್ಲೀಡ್ ಏರ್. ಎಂಜಿನ್ನಿನ ಸೀಲ್ ಸೋರಿದರೆ ಬಿಸಿಯಾದ ಎಣ್ಣೆಯ ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತದೆ. ಆ ಎಣ್ಣೆಯಲ್ಲಿ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯ 100 ಹಾರಾಟಗಳಲ್ಲಿ ಅಳೆದು 2011ರಲ್ಲಿ ವರದಿ ಕೊಟ್ಟಿತು, ಅಂಕಿಗಳು ಸಮಾಧಾನಕರವಾಗಿದ್ದವು. ಉದ್ಯಮ ಅದನ್ನೇ ಅಂತಿಮ ಉತ್ತರವೆಂದು ಹಿಡಿದುಕೊಂಡಿತು. ಅಪರೂಪಕ್ಕೆ ಆಗುವ ಸೋರಿಕೆಯನ್ನು ಸಾಮಾನ್ಯ ಹಾರಾಟಗಳ ಅಳತೆಯಿಂದ ತೀರ್ಮಾನಿಸುವುದು ವಿಜ್ಞಾನವಲ್ಲ.

ನಿಜವಾದ ಪರಿಹಾರ ಬಂದದ್ದು ವಿನ್ಯಾಸದಿಂದ. 2011ರಲ್ಲಿ ಸೇವೆಗಿಳಿದ ಬೋಯಿಂಗ್ 787 ಎಂಜಿನ್ನಿನ ಗಾಳಿಯನ್ನು ಕ್ಯಾಬಿನ್ನಿಗೆ ತರುವುದೇ ಇಲ್ಲ. ವಿದ್ಯುತ್ ಕಂಪ್ರೆಸರುಗಳು ಹೊರಗಿನಿಂದ ನೇರವಾಗಿ ಗಾಳಿ ಎಳೆಯುತ್ತವೆ. ಕ್ಯಾಬಿನ್ನಿನ ಒತ್ತಡವನ್ನೂ 8,000 ಅಡಿಯ ಬದಲು 6,000 ಅಡಿ ಎತ್ತರದ ಮಟ್ಟದಲ್ಲಿ ಇಟ್ಟುಕೊಳ್ಳಲಾಗುತ್ತದೆ. ಈ ಐವತ್ತು ವರ್ಷಗಳಲ್ಲಿ ಕ್ಯಾಬಿನ್ ಗಾಳಿಗೆ ಆದ ಅತಿ ದೊಡ್ಡ ಉಪಕಾರ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಆಮೇಲೆ ಬಂದ ಎ350, ಎ320 ನಿಯೊ, 737 ಮ್ಯಾಕ್ಸ್ ಎಲ್ಲವೂ ಬ್ಲೀಡ್ ಏರನ್ನೇ ನೆಚ್ಚಿಕೊಂಡಿವೆ. ಬೆಂಗಳೂರಿನಿಂದ ದೇಶದೊಳಗೆ ಹಾರುವವರು ಹೆಚ್ಚಾಗಿ ಹತ್ತುವುದು ಎ320, 737 ಕುಟುಂಬದ ವಿಮಾನಗಳನ್ನೇ.

ಕ್ಯಾಬಿನ್ನಿಗೆ ಗಾಳಿ ತರುವ ಕೊಳವೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಸಂವೇದಕ ಇರಬೇಕೆಂದು ಅಮೆರಿಕದ ಅದೇ ರಾಷ್ಟ್ರೀಯ ಸಂಶೋಧನಾ ಮಂಡಳಿ 2002ರಲ್ಲಿ ಶಿಫಾರಸು ಮಾಡಿತ್ತು. ಅದಿನ್ನೂ ಕಡ್ಡಾಯವಾಗಿಲ್ಲ. ನಮ್ಮ ವಿಮಾನಯಾನ ನಿರ್ದೇಶನಾಲಯ ಬೇರೆ ದೇಶಗಳಿಗಾಗಿ ಕಾಯದೆ ಆ ನಿಯಮವನ್ನು ತರಲಿ; ಬಾಗಿಲು ಮುಚ್ಚಿ ನೆಲದ ಮೇಲೆ ನಿಂತ ವಿಮಾನದಲ್ಲಿ ವಾತಾಯನವಿಲ್ಲದೆ ಪ್ರಯಾಣಿಕರನ್ನು ಎಷ್ಟು ಹೊತ್ತು ಕೂರಿಸಬಹುದು ಎಂಬುದಕ್ಕೂ ಮಿತಿ ಹಾಕಲಿ.